ಭಾರದ ಹಿಗ್ಸ್ ಕ್ಷಯಿಸುವ ಬಗೆಯನ್ನು ಅಳೆಯಲು ಹೊರಟಾಗ

ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರದ ಕಣವೇ ಹಿಗ್ಸ್ ಬೋಸಾನ್. 2012ರಲ್ಲಿ ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಪತ್ತೆಯಾದ ಅದರ ದ್ರವ್ಯರಾಶಿ 125 ಜಿಇವಿ (ಕಣಗಳ ಶಕ್ತಿ ಮತ್ತು ದ್ರವ್ಯರಾಶಿಯನ್ನು ಅಳೆಯುವ ಮಾನ; ಸಾವಿರ ಜಿಇವಿ ಒಂದು ಟಿಇವಿ). ಹಿಗ್ಸ್ ಕ್ಷೇತ್ರಗಳು ಎರಡು ಜೋಡಿಯಾಗಿದ್ದರೆ ಇನ್ನೂ ನಾಲ್ಕು ಕಣಗಳು ಇರಬೇಕಾಗುತ್ತದೆ: ವಿದ್ಯುದಾವೇಶವಿಲ್ಲದ ಎಚ್ ಮತ್ತು ಎ, ಜೊತೆಗೆ ಧನ, ಋಣ ಆವೇಶದ ಒಂದೊಂದು. ಅವು ಇನ್ನೂ ಯಾರಿಗೂ ಸಿಕ್ಕಿಲ್ಲ. ಸಿಕ್ಕರೆ ಅವುಗಳ ಕ್ಷಯವನ್ನು, ಅಂದರೆ ಬೇರೆ ಕಣಗಳಾಗಿ ಒಡೆಯುವುದನ್ನು, ಎಲೆಕ್ಟ್ರಾನ್–ಪಾಸಿಟ್ರಾನ್ ಕೊಲೈಡರಿನಲ್ಲಿ (ಈ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದಲ್ಲಿ) ಹೇಗೆ ಅಳೆಯುವುದು? ನಾನು ಕೆಲಸ ಮಾಡಿದ್ದು ಈ ಪ್ರಶ್ನೆಯ ಮೇಲೆ. ಯಂತ್ರ ಕ್ಲಿಕ್, ಸರ್ನ್‌ನಲ್ಲಿ ರೂಪುಗೊಂಡ, ಇನ್ನೂ ಕಟ್ಟಿಲ್ಲದ, 3 ಟಿಇವಿವರೆಗಿನ ನೇರ ಕೊಲೈಡರ್. ಹಾಗಾಗಿ ನನ್ನ ಘಟನೆಗಳೆಲ್ಲ, ಅಂದರೆ ಒಂದೊಂದು ಡಿಕ್ಕಿಯ ದಾಖಲೆಗಳೆಲ್ಲ, ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಹುಟ್ಟಿದವು. ಎಚ್ ಮತ್ತು ಎ ಎರಡರ ದ್ರವ್ಯರಾಶಿಯೂ ಸುಮಾರು 900 ಜಿಇವಿ ಇರುವ ಮಾದರಿಯನ್ನು ಆರಿಸಿಕೊಂಡೆ.

ಈ ಯಂತ್ರದಲ್ಲಿ ಎಚ್ ಮತ್ತು ಎ ಜೊತೆಯಾಗಿ ಹುಟ್ಟುತ್ತವೆ. ನನ್ನ ಮಾದರಿಯಲ್ಲಿ ಪ್ರತಿಯೊಂದೂ ಹೆಚ್ಚಾಗಿ ಎರಡು ಬಿ ಕ್ವಾರ್ಕುಗಳಾಗಿ, ಆಗೊಮ್ಮೆ ಈಗೊಮ್ಮೆ ಎರಡು ಟೌ ಕಣಗಳಾಗಿ (ಎಲೆಕ್ಟ್ರಾನಿನ ಭಾರದ ಸೋದರರು) ಒಡೆಯುತ್ತದೆ. ನಾನು ಅಳೆಯಬಯಸಿದ್ದು ಈ ಎರಡರ ಅನುಪಾತವನ್ನು. ಕ್ಷಯದ ಪ್ರಮಾಣ ಹುಟ್ಟುವ ಕಣದ ದ್ರವ್ಯರಾಶಿಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಬಿ ಕ್ವಾರ್ಕಿಗೆ ಮೂರು ‘ಬಣ್ಣ’ಗಳು (ಕ್ವಾರ್ಕುಗಳ ಒಂದು ಬಗೆಯ ಆವೇಶ), ಹಾಗಾಗಿ ಅದರ ಪ್ರಮಾಣ ಮೂರು ಪಟ್ಟು. ಈ ಶಕ್ತಿಯಲ್ಲಿ ಅದರ ಪರಿಣಾಮಕಾರಿ ದ್ರವ್ಯರಾಶಿ 3 ಜಿಇವಿಗಿಂತ ಕಡಿಮೆ. ಟೌ 1.78 ಜಿಇವಿ. ಲೆಕ್ಕ ಹಾಕಿದರೆ ಸರಿಸುಮಾರು ಏಳು ಬಿ ಜೋಡಿಗಳಿಗೆ ಒಂದು ಟೌ ಜೋಡಿ ಬರುತ್ತದೆ. ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣವಿದೆ ಎನ್ನುವ ಸೂಪರ್‌ಸಿಮೆಟ್ರಿ ಸಿದ್ಧಾಂತದ ಭಾರದ ಕಣಗಳು ಕುಣಿಕೆ ತಿದ್ದುಪಡಿಯ ಮೂಲಕ, ಅಂದರೆ ಕ್ಷಣಮಾತ್ರ ಕಾಣಿಸಿಕೊಂಡು ಮರೆಯಾಗುವ ಪರಿಣಾಮದಿಂದ, ಈ ಸಂಖ್ಯೆಯನ್ನು ಕದಲಿಸಬಲ್ಲವು. ಎರಡು ಹಿಗ್ಸ್ ಕ್ಷೇತ್ರಗಳ ಇನ್ನೊಂದು ಬಗೆಯ ಮಾದರಿಯಲ್ಲಂತೂ ಟೌ ಕಣಗಳದ್ದೇ ಮೇಲುಗೈ. ದ್ರವ್ಯರಾಶಿ ತಿಳಿದರೆ ಕಣವೊಂದು ಸಿಕ್ಕಿದೆ ಎಂದು ಗೊತ್ತಾಗುತ್ತದೆ. ಅದು ಯಾವ ಕಣ ಎಂದು ಹೇಳುವುದು ಈ ಅನುಪಾತ. ನಾಲ್ಕು ಬಿ ಘಟನೆಗಳನ್ನು ಎರಡು ಬಿ, ಎರಡು ಟೌ ಘಟನೆಗಳಿಗೆ ಹೋಲಿಸಿದಾಗ ಎಷ್ಟು ಜೋಡಿಗಳು ಹುಟ್ಟಿದವು ಎಂಬ ಪ್ರಶ್ನೆಯೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಉಳಿಯುವುದು ಬಿ ಮತ್ತು ಟೌಗಳನ್ನು ಎಷ್ಟು ಚೆನ್ನಾಗಿ ಗುರುತಿಸುತ್ತೇವೆ ಎಂಬುದು.

ಕಷ್ಟವಿರುವುದೂ ಅಲ್ಲೇ. ಬಿ ಕ್ವಾರ್ಕಿನಿಂದ ಹುಟ್ಟುವ ಬಿ ಹ್ಯಾಡ್ರಾನ್ (ಬೇರೆ ಕ್ವಾರ್ಕುಗಳ ಜೊತೆ ಅದು ಸೇರಿ ಆದ ಕಣ) ಬದುಕುವುದು ಸುಮಾರು 1.5 ಪಿಕೋಸೆಕೆಂಡ್. ಸರ್ನ್‌ನ ಹಿಂದಿನ ಎಲೆಕ್ಟ್ರಾನ್–ಪಾಸಿಟ್ರಾನ್ ಕೊಲೈಡರ್ ಲೆಪ್‌ನ ಕಾಲದಲ್ಲಿ ಅದು ಕೆಲವು ಮಿಲಿಮೀಟರ್ ಸಾಗಿ ಒಡೆಯುತ್ತಿತ್ತು. ನನ್ನ ಘಟನೆಗಳಲ್ಲಿ ಅದರ ಶಕ್ತಿ ಸುಲಭವಾಗಿ 500 ಜಿಇವಿ ಮುಟ್ಟುತ್ತದೆ. ಆಗ ಸರಾಸರಿ ಹಾರಾಟ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಡಿಟೆಕ್ಟರಿನ ಮೊದಲ ಸಿಲಿಕಾನ್ ಪದರ ಇರುವುದು ಸುಮಾರು ಮೂರು ಸೆಂಟಿಮೀಟರ್ ದೂರದಲ್ಲಿ. ಅಂದರೆ ಬಹಳಷ್ಟು ಬಿ ಹ್ಯಾಡ್ರಾನುಗಳು ಮೊದಲ ಪದರವನ್ನು ದಾಟಿದ ಮೇಲೆ ಒಡೆಯುತ್ತವೆ. ಮೊದಲ ಪದರದಲ್ಲಿ ಗುರುತಿಲ್ಲದ ಜಾಡುಗಳನ್ನು ಕಳಪೆ ಎಂದು ತಳ್ಳುವ ರೂಢಿಯ ವಿಧಾನ ಇಲ್ಲಿ ನಮಗೆ ಬೇಕಾದವನ್ನೇ ತಳ್ಳಿಬಿಡುತ್ತದೆ. ನಾನು ಆ ನಿಯಮವನ್ನು ಸಡಿಲಿಸಿ, ಜೆಟ್‌ನ (ಒಂದೇ ಕಡೆ ಚಿಮ್ಮುವ ಕಣಗಳ ಗುಂಪಿನ) ಅಕ್ಷದ ಸುತ್ತ ಕಿರಿದಾದ ಶಂಕುವಿನೊಳಗೆ ಪದರದಿಂದ ಪದರಕ್ಕೆ ಗುರುತುಗಳ ಸಂಖ್ಯೆ ಹೇಗೆ ಏರುತ್ತದೆ ಎಂದು ನೋಡಿದೆ. ಎರಡು ಪದರಗಳ ನಡುವೆ ಸಂಖ್ಯೆ ತಟ್ಟನೆ ಜಿಗಿದರೆ ಅಲ್ಲೊಂದು ಕ್ಷಯ ನಡೆದಿರಬಹುದು. ಪದರದ ವಸ್ತುವಿಗೆ ಬಡಿದ ಫೋಟಾನುಗಳೂ ಇಂಥದೇ ಜಿಗಿತ ತೋರಿಸುತ್ತವೆ. ಆದ್ದರಿಂದ ಕ್ಷಯಬಿಂದು ಪದರದ ಮೇಲೆಯೇ ಬಿದ್ದರೆ ಅಂಥ ಜೆಟ್‌ಗೆ ಬಿ ಗುರುತು ಕೊಡಲಿಲ್ಲ. ಒಂದಷ್ಟು ದಕ್ಷತೆ (ನಿಜವಾದ ಬಿ ಜೆಟ್‌ಗಳಲ್ಲಿ ಗುರುತು ಸಿಗುವ ಪಾಲು) ಕಳೆದರೂ ಶುದ್ಧತೆ ಉಳಿಯಿತು.

ದಕ್ಷತೆಯನ್ನು ಸಿಮ್ಯುಲೇಷನ್‌ನ ಮಾತಿನ ಮೇಲೆ ನಂಬಲು ನನಗೆ ಮನಸ್ಸಿರಲಿಲ್ಲ. ಝಡ್ ಬೋಸಾನ್ ಬಿ ಕ್ವಾರ್ಕುಗಳಾಗಿ ಒಡೆಯುವ ಪ್ರಮಾಣವನ್ನು ಲೆಪ್‌ನಲ್ಲಿ ಅಳೆದವರು, ಒಂದೇ ಕಡೆ ಗುರುತು ಸಿಕ್ಕ ಘಟನೆಗಳನ್ನೂ ಎರಡೂ ಕಡೆ ಸಿಕ್ಕವನ್ನೂ ಎಣಿಸಿ ದಕ್ಷತೆಯನ್ನು ದತ್ತಾಂಶದಿಂದಲೇ ಪಡೆದಿದ್ದರು. ಅದೇ ದಾರಿ ಹಿಡಿದು ಎರಡು, ಮೂರು, ನಾಲ್ಕು ಜೆಟ್‌ಗಳಿಗೆ ಬಿ ಗುರುತು ಸಿಕ್ಕ ಘಟನೆಗಳನ್ನು ಬೇರೆಬೇರೆ ಎಣಿಸಿ, ದಕ್ಷತೆಯನ್ನೂ ಕ್ಷಯದ ಪ್ರಮಾಣವನ್ನೂ ಒಟ್ಟಿಗೆ ಫಿಟ್ ಮಾಡಿದೆ. ನನ್ನ ಮಟ್ಟಿಗೆ ಇಡೀ ಅಧ್ಯಯನದ ಗಟ್ಟಿ ಭಾಗ ಇದು.

ಹಿನ್ನೆಲೆಯ, ಅಂದರೆ ಅಳತೆಗೆ ಅಡ್ಡಬರುವ ಬೇಡದ ಕಣಗಳ, ವಿಷಯಕ್ಕೆ ಬಂದರೆ, ಕಿರಣಗಳು ಪರಸ್ಪರ ಬಾಗಿಸಿಕೊಂಡಾಗ ಹೊಮ್ಮುವ ಫೋಟಾನುಗಳು ತಾವೇ ಡಿಕ್ಕಿ ಹೊಡೆದು ಹ್ಯಾಡ್ರಾನುಗಳನ್ನು ಚೆಲ್ಲುತ್ತವೆ. 1991ರಲ್ಲೇ ಈ ಎಚ್ಚರಿಕೆ ಕೊಟ್ಟವರು ಮ್ಯಾನುಯೆಲ್ ಡ್ರೀಸ್ ಮತ್ತು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ರೋಹಿಣಿ ಗೋಡ್ಬೋಲೆ. ಕ್ಲಿಕ್‌ನಲ್ಲಿ 0.5 ನ್ಯಾನೋಸೆಕೆಂಡಿಗೊಂದು ಕಣಗುಚ್ಛ ಬರುತ್ತದೆ. ಸಾಲಿಗೆ 312 ಗುಚ್ಛಗಳು. ಸಮಯದ ಮಿತಿ ಹಾಕದಿದ್ದರೆ ಒಂದು ಘಟನೆಯ ಮೇಲೆ 1 ಟಿಇವಿಗೂ ಹೆಚ್ಚು ಕಸ ಕೂರುತ್ತದೆ. ಬಿಗಿಯಾದ ಮಿತಿ ಹಾಕಿದರೆ ಸುಮಾರು 100 ಜಿಇವಿಗೆ ಇಳಿಯುತ್ತದೆ. ಉಳಿದದ್ದನ್ನು ಜೆಟ್ ಕಟ್ಟುವಾಗ ಕಿರಣದ ದಿಕ್ಕಿಗೆ ತಳ್ಳಿದೆ. ಹ್ಯಾಡ್ರಾನ್ ಕೊಲೈಡರಿನವರು ಕಣಗಳನ್ನು ಜೆಟ್‌ಗಳಾಗಿ ಗುಂಪುಗೂಡಿಸಲು ಬಳಸುವ ಕೆಟಿ ವಿಧಾನ ಇದಕ್ಕೆ ಚೆನ್ನಾಗಿ ಒದಗಿತು.

ನಾಲ್ಕು ಜೆಟ್‌ಗಳನ್ನು ಎರಡೆರಡಾಗಿ ಜೋಡಿಸಲು ಮೂರು ದಾರಿಗಳಿವೆ. ಎರಡು ಜೋಡಿಗಳ ದ್ರವ್ಯರಾಶಿಗಳು ಅತಿ ಹತ್ತಿರ ಬರುವುದನ್ನು ಆರಿಸಿ, ಶಕ್ತಿ ಮತ್ತು ಸಂವೇಗದ ಸಂರಕ್ಷಣೆಯನ್ನು ಹೇರಿದೆ. ಕಿರಣದ ಗುಂಟ ತಪ್ಪಿಸಿಕೊಂಡ ಫೋಟಾನಿಗೂ ಜಾಗ ಬಿಡಬೇಕು, ಏಕೆಂದರೆ 3 ಟಿಇವಿಯ ಶೇಕಡಾ ಒಂದರೊಳಗೆ ಉಳಿಯುವುದು ಡಿಕ್ಕಿಗಳ ಮೂರನೇ ಒಂದು ಭಾಗ ಮಾತ್ರ.

ಟೌ ಕಡೆಯ ಕೆಲಸ ಇನ್ನೂ ನಡೆಯುತ್ತಿದೆ. ಅಲ್ಲಿ ಘಟನೆಗಳೇ ಕಡಿಮೆ, ಡಿಟೆಕ್ಟರಿಗೆ ಕಾಣದ ನ್ಯೂಟ್ರಿನೋಗಳು ಶಕ್ತಿಯನ್ನು ಒಯ್ಯುತ್ತವೆ, ಅನುಪಾತದ ಅನಿಶ್ಚಿತತೆಯ ದೊಡ್ಡ ಪಾಲು ಬರುವುದೂ ಅಲ್ಲಿಂದ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ನೇರವಾಗಿ ಟೌ ಜೋಡಿಯಾಗುವ ಘಟನೆಗಳಿಂದ ಟೌ ಗುರುತಿಸುವ ದಕ್ಷತೆಯನ್ನು ಪಡೆಯಲು ಈಗ ತೊಡಗಿದ್ದೇನೆ.