ಕಂಪನಿ ಮೋಡೆಮ್‌ಗೆ ನಮ್ಮದೇ ರೌಟರ್ ಜೋಡಿಸಿದ ಅನುಭವ

ಫೈಬರ್ ಕನೆಕ್ಷನ್ ಜೊತೆ ಕಂಪನಿಯವರು ಕೊಡುವ ಪೆಟ್ಟಿಗೆಗೆ ಒಎನ್‌ಟಿ ಅಂತ ಹೆಸರಿದ್ದರೂ ಮನೆಮಂದಿಗೆಲ್ಲ ಅದು ಮೋಡೆಮ್ಮೇ. ಅದರೊಳಗೆ ಮೂರು ಕೆಲಸ ನಡೆಯುತ್ತವೆ: ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತ ಮಾಡುವುದು, ಮನೆಯ ಫೋನು-ಟೀವಿಗಳಿಗೆಲ್ಲ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಗುರುತಿಸುವ ಸಂಖ್ಯೆ) ಹಂಚುವುದು, ವೈಫೈ ಬಿಡುವುದು. ಮೊದಲನೆಯದಕ್ಕೆ ಆ ಪೆಟ್ಟಿಗೆ ಬೇಕೇ ಬೇಕು. ಉಳಿದೆರಡನ್ನು ಒಂದು ಸಾಧಾರಣ ರೌಟರ್ ಕೂಡ ಅದಕ್ಕಿಂತ ಚೆನ್ನಾಗಿ ಮಾಡಬಲ್ಲದು. ರೌಟರ್ ಜೋಡಿಸುವಾಗ ಮೊದಲು ತೀರ್ಮಾನ ಆಗಬೇಕಾದದ್ದು ಈ ಎರಡು ಕೆಲಸ ಯಾರ ಪಾಲಿಗೆ ಎನ್ನುವುದು. ವಿಳಾಸ ಹಂಚುವ ಯಜಮಾನರು ಮನೆಗೆ ಇಬ್ಬರಾದರೆ ತಕರಾರು ಖಂಡಿತ.

ನಮ್ಮದು ಸಾಗರದ ಕಡೆಯ ಹಳೇ ಮನೆ, ಜಂಬಿಟ್ಟಿಗೆ ಗೋಡೆ. ಕಂಬದಿಂದ ಬಂದ ಫೈಬರ್ ಜಗಲಿಯ ಕಿಟಕಿಯಲ್ಲಿ ಒಳಗೆ ಬರುತ್ತದೆ. ನಾನು ಲ್ಯಾಪ್‌ಟಾಪ್ ಹಿಡಿದು ಕೂರುವುದು ಅಡಿಗೆಮನೆಯ ಆಚೆಗಿನ ಕೋಣೆಯಲ್ಲಿ. ಮೋಡೆಮ್‌ನಲ್ಲಿ ಇದ್ದದ್ದು 2.4 ಗಿಗಾಹರ್ಟ್ಸ್ ಬ್ಯಾಂಡ್ ಒಂದೇ. ನನ್ನ ಕೋಣೆಗೆ ತಲುಪುವಷ್ಟರಲ್ಲಿ ಅದು ಸತ್ತೇ ಹೋಗುತ್ತಿತ್ತು. ಮೀಟಿಂಗ್‌ನಲ್ಲಿ ನನ್ನ ಮುಖ ನಿಂತಲ್ಲೇ ನಿಲ್ಲುತ್ತಿತ್ತು.

ಮೋಡೆಮನ್ನೇ ಒಳಗೆ ಸರಿಸಿ ಎಂದು ಅಪ್ಪ ಹೇಳಿದರು. ನಾನು ಒಪ್ಪಲಿಲ್ಲ. ಫೈಬರ್ ಎಳೆಯನ್ನು ಮೂಲೆ ಮೂಲೆಯಲ್ಲಿ ಬಗ್ಗಿಸಿದಷ್ಟೂ ಬೆಳಕು ಸೋರುತ್ತದೆ, ಮುರಿದರೆ ಮನೆಯಲ್ಲಿ ರಿಪೇರಿ ಆಗುವ ಮಾತಲ್ಲ. ಲ್ಯಾನ್ ಕೇಬಲ್ ಆದರೆ ನೂರು ಮೀಟರ್ ತನಕ ಆರಾಮಾಗಿ ಹೋಗುತ್ತದೆ. ಕ್ಯಾಟ್-6 ಕೇಬಲ್ ತಂದು ಅಟ್ಟದ ಮೇಲಿಂದ ಎಳೆದೆ.

ಕೇಬಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅನೇಕರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಎಂಟೂ ಬೇಕು, 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ಹಾಗಾಗಿ ಮಿಕ್ಕ ನಾಲ್ಕರಲ್ಲಿ ಒಂದು ಎಳೆ ತಾಗದಿದ್ದರೆ ಸಾಮಾನ್ಯವಾಗಿ ನೆಟ್ ನಿಲ್ಲುವುದಿಲ್ಲ, 100ಕ್ಕೆ ಇಳಿದು ಸುಮ್ಮನೆ ಓಡುತ್ತಿರುತ್ತದೆ. ಯಾರಿಗೂ ಅನುಮಾನವೇ ಬರುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಕ್ರಿಂಪ್ ಮಾಡಿಸಿದ (ಕನೆಕ್ಟರ್ ಒತ್ತಿ ಕೂರಿಸಿದ) ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಎಳೆ ಪಾರದರ್ಶಕ ಕನೆಕ್ಟರ್‌ನ ಅಂಚಿನವರೆಗೆ ಹೋಗಿಯೇ ಇರಲಿಲ್ಲ. ಕತ್ತರಿಸಿ ಮತ್ತೆ ಮಾಡಿಸಿದೆ. ಜೋಡಿಸಿದ ಮೇಲೆ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಪೋರ್ಟ್ ವೇಗ 1000 ಎಂದು ತೋರಿಸುತ್ತಿದೆಯಾ ನೋಡಿ. ಮೋಡೆಮ್‌ನ ಪೋರ್ಟುಗಳಲ್ಲೂ ಭೇದ ಇರುತ್ತದೆ. ನಮ್ಮದರಲ್ಲಿ ಮೊದಲನೆಯದು ಮಾತ್ರ ಗಿಗಾಬಿಟ್, ಮಿಕ್ಕವು 100.

ರೌಟರನ್ನು ಡಬ್ಬದಿಂದ ತೆಗೆದು ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಒಳಬರುವ ತೂತು; ಮನೆಯೊಳಗಿನ ಸಾಧನಗಳಿಗೆ ಇರುವುದು ಲ್ಯಾನ್ ಪೋರ್ಟ್) ಕೇಬಲ್ ಚುಚ್ಚಿದರೂ ನೆಟ್ ಬರುತ್ತದೆ, ಸುಳ್ಳಲ್ಲ. ಆದರೆ ಆಗ ಮನೆಯೊಳಗೆ ಎರಡು ಬೇರೆ ಬೇರೆ ನೆಟ್‌ವರ್ಕ್ ಹುಟ್ಟುತ್ತವೆ. ಫೋನ್ ಜಗಲಿಯ ವೈಫೈನಲ್ಲಿದ್ದು ಟೀವಿ ರೌಟರ್ ಕಡೆ ಇದ್ದರೆ ಫೋನಿಗೆ ಟೀವಿ ಕಾಣುವುದಿಲ್ಲ. ಇನ್ನೂ ಒಂದಿದೆ: ಮೋಡೆಮ್ ಮತ್ತು ರೌಟರ್ ಎರಡರ ವಿಳಾಸವೂ 192.168.1.1 ಆಗಿದ್ದರೆ ಏನೂ ನಡೆಯುವುದಿಲ್ಲ. ಈಚಿನ ಕೆಲವು ರೌಟರ್‌ಗಳು ತಾವೇ ವಿಳಾಸ ಬದಲಿಸಿಕೊಳ್ಳುತ್ತವೆ, ಹಳೆಯವಕ್ಕೆ ನಾವೇ ಬದಲಿಸಬೇಕು.

ಅದಕ್ಕೇ ನಾನು ಶುರುವಿನಲ್ಲಿ ಹಾಕಿದ್ದು ಆಕ್ಸೆಸ್ ಪಾಯಿಂಟ್ ಮೋಡ್. ಇದರಲ್ಲಿ ವಿಳಾಸ ಹಂಚುವ ಕೆಲಸ ಮೋಡೆಮ್‌ನದೇ, ರೌಟರ್ ವೈಫೈ ಮಾತ್ರ ಬಿಡುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟೆ. ಚಾನೆಲ್ ಮಾತ್ರ ಒಂದಕ್ಕೆ 1, ಇನ್ನೊಂದಕ್ಕೆ 11, ಒಂದರ ಮೇಲೊಂದು ಬೀಳದ ಹಾಗೆ. ಆ ಮೋಡ್ ಇಲ್ಲದ ಹಳೇ ರೌಟರ್ ಇದ್ದವರು ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ಅದರ ವಿಳಾಸವನ್ನು 192.168.1.2 ಥರ ಏನಾದರೂ ಮಾಡಿ, ಕೇಬಲನ್ನು ವ್ಯಾನ್ ಬದಲು ಲ್ಯಾನ್ ಪೋರ್ಟಿಗೆ ಹಾಕಿದರೆ ಅದೇ ಕೆಲಸ ಆಗುತ್ತದೆ. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಮನೆಗೆ ಇಷ್ಟೇ ಸಾಕು.

ನಮಗೆ ಸಾಲಲಿಲ್ಲ. ಹಬ್ಬಕ್ಕೆ ನೆಂಟರು ಸೇರಿ ಫೋನುಗಳ ಸಂಖ್ಯೆ ಏರಿತೋ, ಮೋಡೆಮ್ ಉಸಿರು ಕಟ್ಟಿ ಕೂರುತ್ತಿತ್ತು. ಜೊತೆಗೆ ಕಂಪನಿಯವರು ದೂರದಿಂದಲೇ ಅಪ್‌ಡೇಟ್ ಕಳಿಸಿದಾಗ ನಾನು ಹಾಕಿದ್ದ ಸೆಟ್ಟಿಂಗ್ ಅಳಿಸಿಹೋಗುತ್ತಿತ್ತು. ಹಾಗಾಗಿ ಬ್ರಿಡ್ಜ್ ಮೋಡ್‌ಗೆ ಹೋದೆ: ಮೋಡೆಮ್‌ಗೆ ಬೆಳಕಿನ ಕೆಲಸ ಮಾತ್ರ, ಮಿಕ್ಕಿದ್ದೆಲ್ಲ ರೌಟರ್‌ಗೆ.

ಇದಕ್ಕೆ ಲೋಕಲ್ ಆಪರೇಟರ್ ಕಡೆಯ ಹುಡುಗನ ಸಹಾಯ ಬೇಕಾಯಿತು. ಕಂಪನಿಯ ನೆಟ್‌ಗೆ ಲಾಗಿನ್ ಆಗುವ ವಿಧಾನವೇ ಪಿಪಿಪಿಒಇ; ಒಂದೇ ಎಳೆಯಲ್ಲಿ ಬರುವ ಬೇರೆ ಬೇರೆ ಸೇವೆಗಳನ್ನು ಬೇರ್ಪಡಿಸುವ ಸಂಖ್ಯೆ ವಿಲ್ಯಾನ್ ನಂಬರ್.

"ನಡೀತಾ ಇದೆಯಲ್ಲ ಸಾರ್, ಯಾಕೆ ಮುಟ್ತೀರಿ?"

"ನಡೀತಾ ಇದೆ ಮಾರಾಯ, ಮನೇಲಿ ಜನ ಇಲ್ಲದಾಗ. ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಮೂರು ಕೊಡು, ಸಾಕು."

"ಆಮೇಲೆ ನೆಟ್ ಇಲ್ಲ ಅಂತ ನನಗೆ ಫೋನ್ ಮಾಡಬೇಡಿ" ಅಂದ. ಆದರೂ ಸಂಜೆಗೆ ವಾಟ್ಸಾಪಿನಲ್ಲಿ ಮೂರೂ ಬಂದವು.

ಮೋಡೆಮ್‌ನ ಪುಟದಲ್ಲಿ ಏನನ್ನೂ ಮುಟ್ಟುವ ಮೊದಲು ಪ್ರತಿ ಪರದೆಯ ಫೋಟೋ ತೆಗೆದುಕೊಂಡೆ. ವ್ಯಾನ್ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಸಾಲು ಕಾಣುತ್ತವೆ. ಒಂದು ಇಂಟರ್ನೆಟ್‌ಗೆ, ಒಂದು ಲ್ಯಾಂಡ್‌ಲೈನ್ ಧ್ವನಿಗೆ, ಒಂದು ಕಂಪನಿಯ ಉಸ್ತುವಾರಿಗೆ. ಇಂಟರ್ನೆಟ್ ಸಾಲನ್ನು ಮಾತ್ರ ರೂಟ್‌ನಿಂದ ಬ್ರಿಡ್ಜ್‌ಗೆ ಬದಲಿಸಿ ಮೊದಲ ಲ್ಯಾನ್ ಪೋರ್ಟಿಗೆ ಕಟ್ಟಿದೆ. ಧ್ವನಿಯ ಸಾಲು ಮುಟ್ಟದ ಕಾರಣ ಅಮ್ಮನ ಲ್ಯಾಂಡ್‌ಲೈನ್ ಏನೂ ಆಗದೆ ಮೋಡೆಮ್‌ನಲ್ಲೇ ಉಳಿಯಿತು. ಹಿಂಬದಿಯ ಸಣ್ಣ ತೂತಿನ ರಿಸೆಟ್‌ಗೆ ಮಾತ್ರ ಪಿನ್ನು ಹಾಕಬೇಡಿ. ಕಂಪನಿ ತುಂಬಿಸಿದ ವಿವರವೆಲ್ಲ ಅಳಿಸಿಹೋದರೆ ಅವರು ಬರುವ ತನಕ ಕಾಯಬೇಕಾದೀತು.

ರೌಟರ್‌ನಲ್ಲಿ ಪಿಪಿಪಿಒಇ ಆಯ್ಕೆ ಮಾಡಿ ವಿವರ ತುಂಬಿಸಿದೆ. ವಿಲ್ಯಾನ್ ನಂಬರನ್ನು ಮೋಡೆಮ್ ಹಾಕುತ್ತಿದ್ದರೆ ರೌಟರ್‌ನಲ್ಲಿ ಹಾಕಬಾರದು. ಯಾವುದಾದರೂ ಒಂದೇ ಕಡೆ. ಎಂಟಿಯು (ಒಂದು ಸಲಕ್ಕೆ ಕಳಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492, ಏಕೆಂದರೆ ಮಾಮೂಲಿ 1500ರಲ್ಲಿ 8 ಬೈಟ್ ಪಿಪಿಪಿಒಇ ತನಗೇ ಇಟ್ಟುಕೊಳ್ಳುತ್ತದೆ. ಮೊದಲಿಗೆ ಕನೆಕ್ಟ್ ಆಗಲಿಲ್ಲ. ಮೋಡೆಮ್ ಹೆಸರಿನ ಹಳೇ ಸೆಷನ್ ಕಂಪನಿಯ ಕಡೆ ಇನ್ನೂ ತೆರೆದೇ ಇತ್ತು. ಎರಡನ್ನೂ ಆರಿಸಿ, ಕಾಫಿ ಕುಡಿದು ಬಂದು ಹಚ್ಚಿದರೆ ಬಂತು.

ಬ್ರಿಡ್ಜ್ ಆದಮೇಲೆ ಮೋಡೆಮ್‌ನ ವೈಫೈಗೆ ಅರ್ಥವಿಲ್ಲ, ಅದನ್ನು ಆರಿಸಿದೆ. ಜಗಲಿಗೂ ಸಿಗ್ನಲ್ ಬೇಕಲ್ಲ, ಹಾಗಾಗಿ ಮುಖ್ಯ ರೌಟರ್ ಮೋಡೆಮ್ ಪಕ್ಕಕ್ಕೇ ಬಂತು. ನನ್ನ ಕೋಣೆಗೆ ಅಟ್ಟದ ಅದೇ ಕೇಬಲ್ ತುದಿಗೆ ಇನ್ನೊಂದು ಸಣ್ಣ ರೌಟರ್, ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ. ತೋಟದ ಮನೆಯಿಂದ ಸಿಸಿಟಿವಿ ನೋಡಲು ಪೋರ್ಟ್ ತೆರೆಯಬೇಕು, ಅಂದರೆ ಹೊರಗಿನಿಂದ ಕ್ಯಾಮೆರಾಗೆ ನೇರ ದಾರಿ ಬಿಡಬೇಕು ಎಂದಿದ್ದೆ, ಅದು ಮಾತ್ರ ಕೈಗೂಡಲಿಲ್ಲ. ರೌಟರ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರ ಸಾಲಿನದ್ದು. ಅಂದರೆ ಹೊರಗಿನ ಒಂದೇ ವಿಳಾಸವನ್ನು ಕಂಪನಿ ಅನೇಕ ಮನೆಗಳಿಗೆ ಹಂಚಿದೆ. ಪೋರ್ಟ್ ತೆರೆಯುವುದಕ್ಕೆ ಅಲ್ಲಿ ಬ್ರಿಡ್ಜ್ ಮಾಡಿಯೂ ಉಪಯೋಗವಿಲ್ಲ. ಬೇಕಾದರೆ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ (ನಮಗೇ ಮೀಸಲಾದ, ಬದಲಾಗದ ವಿಳಾಸ) ತಗೊಳ್ಳಬೇಕು, ಇಲ್ಲವೇ ಕ್ಯಾಮೆರಾದ ಆ್ಯಪ್ ಮೂಲಕವೇ ನೋಡಬೇಕು. ನಾನು ಆ್ಯಪ್‌ಗೇ ಸುಮ್ಮನಾದೆ.

ಕೊನೆಗೆ ಕರೆಂಟ್ ವಿಚಾರ. ನಮ್ಮಲ್ಲಿ ಮೋಡೆಮ್, ರೌಟರ್ ಎರಡೂ 12 ವೋಲ್ಟಿನವು, ಒಂದೇ ಮಿನಿ ಯುಪಿಎಸ್ ಸಾಕಾಯಿತು. ಕೊಳ್ಳುವ ಮುಂಚೆ ಎರಡೂ ಅಡಾಪ್ಟರ್ ಮೇಲಿನ ಆಂಪಿಯರ್ ಕೂಡಿಸಿ, ಯುಪಿಎಸ್ ಅಷ್ಟನ್ನು ಕೊಡುತ್ತದೆಯೇ ನೋಡಬೇಕು. ಫೈಬರ್‌ನ ಗಾಜು ಸಿಡಿಲನ್ನು ಒಳಗೆ ತರುವುದಿಲ್ಲ, ಅದು ಬರುವುದು ಹೆಚ್ಚಾಗಿ ಕರೆಂಟ್ ಲೈನಿನಲ್ಲೇ. ಆದ್ದರಿಂದ ಗುಡುಗು ಶುರುವಾದ ಕೂಡಲೇ ಗೋಡೆಯಿಂದ ಯುಪಿಎಸ್ ಪ್ಲಗ್ ಕೀಳುತ್ತೇವೆ. ನೆಟ್ ಬ್ಯಾಟರಿ ಮೇಲೆ ನಡೆಯುತ್ತಿರುತ್ತದೆ.