ಬಹುಮಾನದ ಪ್ರಶ್ನೆಗೆ ಉತ್ತರಿಸಿ ಬ್ಯಾಲೆನ್ಸ್ ಕಳೆದುಕೊಂಡಾಗ

‘ಕರ್ನಾಟಕದ ರಾಜಧಾನಿ ಯಾವುದು? ಉತ್ತರ ಕಳುಹಿಸಿ, ಬೈಕ್ ಗೆಲ್ಲಿ’ ಎಂಬಂಥ ಸಂದೇಶಗಳಲ್ಲಿ ಪ್ರಶ್ನೆ ಬೇಕೆಂದೇ ಸುಲಭವಾಗಿರುತ್ತದೆ. ನಾವು ಕಳುಹಿಸುವ ಉತ್ತರವನ್ನೇ ಒಪ್ಪಿಗೆಯೆಂದು ತೋರಿಸಿ, ದಿನಕ್ಕೋ ವಾರಕ್ಕೋ ಹಣ ಕಡಿತವಾಗುವ ಎಸ್ಸೆಮ್ಮೆಸ್ ಸೇವೆಯೊಂದಕ್ಕೆ ನಮ್ಮ ಸಂಖ್ಯೆಯನ್ನು ಸೇರಿಸುವುದು ಇದರ ಹೂಟ. ಕಡಿತವಾಗುವುದು ಚಿಲ್ಲರೆ ಹಣವಾದ್ದರಿಂದ, ಪ್ರೀಪೇಯ್ಡ್ ಗ್ರಾಹಕರಲ್ಲಿ ಅನೇಕರು ರೀಚಾರ್ಜ್ ಬೇಗ ಮುಗಿಯಿತೆಂದು ಸುಮ್ಮನಾಗಿಬಿಡುತ್ತಾರೆ.

ಮೊದಲು ಸೇವೆಯನ್ನು ನಿಲ್ಲಿಸಬೇಕು. ಹಣ ಕಡಿತವಾಗುತ್ತಿರುವ ಸಿಮ್‌ನಿಂದಲೇ 155223ಕ್ಕೆ ಕರೆ ಮಾಡಿ, ಇಲ್ಲವೇ ‘ಸ್ಟಾಪ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅದೇ ಸಂಖ್ಯೆಗೆ ಕಳುಹಿಸಿ, ಇದಕ್ಕೆ ಶುಲ್ಕವಿಲ್ಲ. ಬಹುಮಾನದ ಸಂದೇಶ ಬಂದ ಸಂಖ್ಯೆಗೆ ಮಾತ್ರ ಮತ್ತೆ ಏನನ್ನೂ ಬರೆಯಬೇಡಿ. ಆ ಸಂದೇಶವನ್ನು ಅಳಿಸಲೂಬೇಡಿ, ಏಕೆಂದರೆ ಮುಂದೆ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಅದೇ.

ಹಣ ಮರಳಿ ಕೇಳಲು ನಿಮಗೆ ಗಟ್ಟಿಯಾದ ಆಧಾರವಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಸೇವೆ ಆರಂಭಿಸಲು ಗ್ರಾಹಕರ ಒಪ್ಪಿಗೆಯನ್ನು ಎರಡು ಬಾರಿ ಪಡೆಯಬೇಕು, ಮತ್ತು ಎರಡನೆಯ ಒಪ್ಪಿಗೆಯನ್ನು ಸೇವೆ ಮಾರುವವರಲ್ಲ, ಮೊಬೈಲ್ ಕಂಪನಿಯೇ ತನ್ನ ವ್ಯವಸ್ಥೆಯ ಮೂಲಕ ಕೇಳಬೇಕು. ಆದ್ದರಿಂದ ಮೊಬೈಲ್ ಕಂಪನಿಯ ದೂರು ಸಂಖ್ಯೆಯಾದ 198ಕ್ಕೆ ಕರೆ ಮಾಡಿದಾಗ ‘ಹಣ ಹೋಯಿತು’ ಎಂದಷ್ಟೇ ಹೇಳದೆ, ನನ್ನ ಎರಡನೆಯ ಒಪ್ಪಿಗೆಯ ದಾಖಲೆ ಎಲ್ಲಿದೆ ಎಂದು ಕೇಳಿ. ಈ ಒಂದು ಪ್ರಶ್ನೆಯನ್ನು ಬಿಡಲೇಬಾರದು. ದೂರು ದಾಖಲಾದಾಗ ಕೊಡುವ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕಾಗುತ್ತದೆ.

ಎಷ್ಟು ಹಣ ಹೋಗಿದೆಯೆಂದು ತಿಳಿಯದವರು ಹಿಂದಿನ ಆರು ತಿಂಗಳೊಳಗಿನ ಅವಧಿಯ ಬಾಬುವಾರು (ಯಾವುದಕ್ಕೆ ಎಷ್ಟು ಕಡಿತವಾಯಿತೆಂಬ) ವಿವರವನ್ನು ಕೇಳಿ ಪಡೆಯಬಹುದು. ಪ್ರೀಪೇಯ್ಡ್ ಗ್ರಾಹಕರಿಗೂ ಈ ಹಕ್ಕಿದೆ, ಅದಕ್ಕೆ ಕಂಪನಿ 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ.

ಬಹುಮಾನ ತಲುಪಿಸಲು ತೆರಿಗೆ ಅಥವಾ ಸಾಗಣೆ ವೆಚ್ಚ ಕಟ್ಟಿ ಎಂದು ಯಾರಾದರೂ ಹೇಳಿದರೆ ಅದು ನೇರ ವಂಚನೆ. ಹಣ ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿ. ಮನೆಯ ಹಿರಿಯರ ಫೋನುಗಳನ್ನೂ ಒಮ್ಮೆ ತೆರೆದು ನೋಡಿ; ಎಷ್ಟೋ ಸಲ ಇಂಥ ಕಡಿತ ತಿಂಗಳುಗಟ್ಟಲೆ ನಡೆದಿರುವುದು ಅಲ್ಲಿಯೇ.