ಹಂಟರ್ ಮೂತಿಯ ಮಸಿ

ಹಾಕರ್ ಹಂಟರ್ ವಿಮಾನದ ನನ್ನ ಮೊದಲ ಪುಟ್ಟ ಪ್ಲಾಸ್ಟಿಕ್ ಮಾದರಿ ಕೆಟ್ಟದ್ದು ಬಣ್ಣದಿಂದಲ್ಲ, ಕೊಳೆಯಿಂದ. ಯುದ್ಧ ವಿಮಾನ ಎಂದಮೇಲೆ ಸವೆದಂತೆ ಕಾಣಬೇಕೆಂದು ಲೋಹದ ಹಾಳೆಗಳು ಕೂಡುವ ಇದ್ದಬದ್ದ ಪ್ಯಾನೆಲ್ ಗೆರೆಗಳಿಗೆಲ್ಲ ಕಪ್ಪು ತುಂಬಿದೆ, ರೆಕ್ಕೆಯ ಅಂಚಿನುದ್ದಕ್ಕೂ ಬೆಳ್ಳಿ ಬಣ್ಣದ ಚಕ್ಕೆಗಳನ್ನು ಎಬ್ಬಿಸಿದೆ. ಮುಗಿದಾಗ ಅದು ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದ ವಿಮಾನದಂತೆ ಕಂಡಿತೇ ಹೊರತು ಬೆಳಿಗ್ಗೆ ಹಾರಿ ಬಂದ ವಿಮಾನದಂತಲ್ಲ.

ಎರಡನೆಯ ಕಿಟ್ ಕೂಡ ರೆವೆಲ್ ಕಂಪನಿಯ 1:72 ಅಳತೆಯದೇ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದರಷ್ಟು. ಈ ಬಾರಿ ಬಣ್ಣದ ಡಬ್ಬಿ ತೆರೆಯುವ ಮೊದಲೇ ಒಂದು ದಿನವನ್ನು ಗೊತ್ತುಮಾಡಿಕೊಂಡೆ: 1971ರ ಡಿಸೆಂಬರ್ 5, ರಾಜಸ್ಥಾನದ ಜೈಸಲ್ಮೇರ್ ವಾಯುನೆಲೆ. ಹಿಂದಿನ ರಾತ್ರಿ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ್ದವು. ಇರುಳಿನಲ್ಲಿ ದಾಳಿ ಮಾಡುವ ಸಲಕರಣೆ ಜೈಸಲ್ಮೇರಿನಲ್ಲಿದ್ದ ನಮ್ಮ ವಾಯುಪಡೆಯ ಹಂಟರ್‌ಗಳಲ್ಲಿರಲಿಲ್ಲ. ಬೆಳಕು ಹರಿಯುತ್ತಲೇ ಹೊರಟವು. ಮತ್ತೆ ಮತ್ತೆ ಬಂದು, ಮದ್ದುಗುಂಡು ತುಂಬಿಸಿಕೊಂಡು ಮರಳಿ ಹೋದವು. ಅಂಥ ದಿನದ ಮಧ್ಯಾಹ್ನ ಆ ವಿಮಾನದ ಮೈಮೇಲೆ ಏನೇನು ಗುರುತು ಇದ್ದೀತು? ದಿನವೂ ಆರೈಕೆ ಕಾಣುತ್ತಿದ್ದ ಯಂತ್ರವಾದ್ದರಿಂದ ಬಣ್ಣ ಕಿತ್ತುಬಂದಿರಲಾರದು. ಮರಳಿನ ಧೂಳು ಇರುತ್ತದೆ, ತೋಪಿನ ಹೊಗೆ ಇರುತ್ತದೆ, ಸಿಬ್ಬಂದಿಯ ಕೈಯ ಜಿಡ್ಡು ಇರುತ್ತದೆ. ಕಾರಣ ಹೇಳಲಾಗದ ಒಂದು ಕಲೆಯನ್ನೂ ಹಾಕಬಾರದೆಂದು ನಿಶ್ಚಯಿಸಿದೆ.

ಅಳತೆಯ ಲೆಕ್ಕವೂ ಇಲ್ಲಿ ಮುಖ್ಯ. ಈ ಮಾದರಿಯಲ್ಲಿ ಒಂದು ಮಿಲಿಮೀಟರ್ ಚಕ್ಕೆ ಎಂದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರ್‌ಗೂ ಹೆಚ್ಚು. ಅಂಗೈಯಗಲ ಬಣ್ಣ ಕಿತ್ತುಹೋದ ವಿಮಾನವನ್ನು ಯಾರೂ ಹಾಗೇ ಬಿಡುವುದಿಲ್ಲ. ಹಾಗಾಗಿ ಚೂಪು ಮಾಡಿದ ಬೆಳ್ಳಿ ಪೆನ್ಸಿಲ್‌ನಿಂದ ಏಣಿ ತಾಗುವ ಕಾಕ್‌ಪಿಟ್ ಅಂಚಿನಲ್ಲಿ ನಾಲ್ಕೈದು ಚುಕ್ಕೆ ಇಟ್ಟು ಕೈಬಿಟ್ಟೆ.

ಮೇಲ್ಮೈಯ ಹಸಿರು ಬಿಸಿಲಿಗೆ ಮಾಸಿದಂತೆ ತೋರಿಸಲು ಮೂಲ ಬಣ್ಣಕ್ಕೆ ಬಿಳಿಯನ್ನಲ್ಲ, ತಿಳಿ ಹಳದಿಗಂದನ್ನು ಬೆರೆಸಿದೆ. ಬಿಳಿ ಸೇರಿದರೆ ಹಸಿರು ಸುಣ್ಣ ಬಳಿದಂತಾಗುತ್ತದೆ. ಹಾಲಿನಷ್ಟು ತೆಳುವಾಗಿಸಿ, ಏರ್‌ಬ್ರಷ್‌ನಿಂದ ಪ್ಯಾನೆಲ್‌ಗಳ ನಡುಭಾಗಕ್ಕೆ ಮಾತ್ರ ಮಂಜಿನಂತೆ ಹಾಯಿಸಿದೆ. ಬಳಿಕ ಹೊಳಪು ಕೊಡುವ ಅಕ್ರಿಲಿಕ್ ‘ಗ್ಲಾಸ್’ ವಾರ್ನಿಷ್, ಗುರುತುಗಳ ಅಂಟುಚಿತ್ರಗಳಾದ ಡೀಕಲ್, ಮತ್ತೆ ಗ್ಲಾಸ್. ಎರಡು ದಿನ ಮುಟ್ಟಲಿಲ್ಲ. ಈ ಹೊದಿಕೆ ಚೆನ್ನಾಗಿ ಒಣಗದೆ ಇದ್ದರೆ ಮುಂದಿನ ಟರ್ಪೆಂಟೈನ್ ಕೆಳಗಿನ ಬಣ್ಣದವರೆಗೂ ಇಳಿದೀತು.

ಗೆರೆಗಳಿಗೆ ಇಳಿಸುವ ತೆಳು ಬಣ್ಣವಾದ ವಾಷ್‌ಗೆ ಕಲಾವಿದರ ಎಣ್ಣೆಬಣ್ಣವೇ ಸಾಕು: ಗಾಢ ಕಂದಿನ ಬರ್ನ್ಟ್ ಅಂಬರ್, ಚಿಟಿಕೆ ಕಪ್ಪು, ಟರ್ಪೆಂಟೈನ್. ಕುಂಚದ ತುದಿಯನ್ನು ಗೆರೆಗೆ ತಾಗಿಸಿದರೆ ಬಣ್ಣ ತಾನೇ ಓಡುತ್ತದೆ. ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಒರೆಸುವಾಗ ಕೈ ಮೂತಿಯಿಂದ ಬಾಲದ ಕಡೆಗೇ ಹೋಗಬೇಕು. ಗಾಳಿ ಎಳೆಯುವುದು ಆ ದಿಕ್ಕಿಗೆ. ಎಲ್ಲ ಗೆರೆಗೂ ಒಂದೇ ಗಾಢತೆ ಕೊಡಲಿಲ್ಲ. ತೆರೆಯದ ಜೋಡಣೆಗಳಿಗೆ ತಿಳಿ ಕಂದು ಸಾಕು.

ಬಹಳ ಹೊತ್ತು ಕಳೆದದ್ದು ಹೊಟ್ಟೆಯಡಿಯ ತೋಪಿನ ಪೆಟ್ಟಿಗೆಯ ಮೇಲೆ. ಹಂಟರ್‌ನ ನಾಲ್ಕು 30 ಮಿ.ಮೀ. ಏಡನ್ ತೋಪುಗಳೂ ಅವುಗಳ ಗುಂಡುಗಳೂ ಒಂದೇ ಪೆಟ್ಟಿಗೆಯಲ್ಲಿದ್ದು, ಅದನ್ನು ಇಡಿಯಾಗಿ ಕೆಳಗಿಳಿಸಿ ಬೇರೊಂದನ್ನು ಏರಿಸಬಹುದಿತ್ತು. ಮತ್ತೆ ಮತ್ತೆ ಮದ್ದು ತುಂಬುವ ದಿನ ಅಲ್ಲಿ ಎಷ್ಟು ಕೈ ಓಡಾಡಿರಬೇಡ! ಅದರ ಅಂಚಿಗೆ ಗಾಢ ವಾಷ್ ಕೊಟ್ಟು, ಒಣಗುವ ಮೊದಲೇ ಬೆರಳಿನಿಂದ ಅಲ್ಲಲ್ಲಿ ಒತ್ತಿ ಹರಡಿದೆ. ಬೆರಳಿನ ಜಿಡ್ಡಿನಂತೆಯೇ ಕೂತಿತು.

ಹೊಗೆಯ ಮಸಿಗೆ ಕಪ್ಪು, ಕಂದು ಪ್ಯಾಸ್ಟೆಲ್ ಕಡ್ಡಿಗಳನ್ನು ಮರಳುಕಾಗದಕ್ಕೆ ತಿಕ್ಕಿ ಪುಡಿ ಮಾಡಿಕೊಂಡೆ. ತೋಪಿನ ಬಾಯಿಯಲ್ಲಿ ಕುಂಚವನ್ನು ಒತ್ತಿ ಹಿಂದಕ್ಕೆ ಎಳೆಯುತ್ತ ಭಾರ ಇಳಿಸುತ್ತ ಹೋದರೆ ಬಾಲ ತೆಳುವಾಗುತ್ತದೆ. ನಾಲ್ಕು ಬಾಯಿಗಳ ಮಸಿಯೂ ಒಂದೇ ಉದ್ದ ಇರಬಾರದು. ಚಕ್ರ ಮತ್ತು ಕಾಲುಗಳಿಗೆ ಜೈಸಲ್ಮೇರಿನ ಮಾಸಲು ಹಳದಿ ಪುಡಿ ಹಚ್ಚಿದೆ; ನಮ್ಮ ಕೆಮ್ಮಣ್ಣಿನ ಬಣ್ಣ ಅಲ್ಲಿಗೆ ಹೊಂದುವುದಿಲ್ಲ.

ಒಂದು ಎಡವಟ್ಟು ಮಾತ್ರ ಆಯಿತು. ಪುಡಿಯ ಕೆಲಸಕ್ಕೆ ಮೊದಲು ಜುಲೈನ ಮಳೆಯ ಸಂಜೆ ಹೊಳಪು ತೆಗೆಯುವ ಮ್ಯಾಟ್ ವಾರ್ನಿಷ್ ಹೊಡೆದಿದ್ದೆ. ಗಾಳಿಯ ತೇವಕ್ಕೆ ರೆಕ್ಕೆಯೆಲ್ಲ ಬೆಳ್ಳಗೆ ಮಬ್ಬಾಯಿತು. ಒಣಗಿದ ಮೇಲೆ ತೆಳುವಾಗಿ ಗ್ಲಾಸ್ ಹಾಯಿಸಿದಾಗ ಮಬ್ಬು ಬಹುಪಾಲು ಹೋಯಿತು. ಬಿಸಿಲು ಬಿದ್ದ ದಿನ ಮತ್ತೆ ಮ್ಯಾಟ್ ಹೊಡೆದೆ. ಪ್ಯಾಸ್ಟೆಲ್ ಪುಡಿಯನ್ನು ಅದರ ಮೇಲೆಯೇ ಹಚ್ಚಿ ಹಾಗೇ ಬಿಟ್ಟಿದ್ದೇನೆ, ಏಕೆಂದರೆ ವಾರ್ನಿಷ್ ಬಿದ್ದರೆ ಅರ್ಧ ಮಸಿ ಮಾಯವಾಗುತ್ತದೆ.

ಕೊನೆಗೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳವಾದ ಕ್ಯಾನೊಪಿಗೆ ಬಣ್ಣ ತಾಗದಂತೆ ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಬಿಚ್ಚಿ, ಗಾಜನ್ನು ಮೆತ್ತನೆಯ ಬಟ್ಟೆಯಿಂದ ಫಳಫಳಿಸುವಂತೆ ಉಜ್ಜಿದೆ. ಮೈಯೆಲ್ಲ ಧೂಳಾಗಿದ್ದರೂ ಪೈಲಟ್ ಹೊರಗೆ ನೋಡುವ ಗಾಜನ್ನು ಸಿಬ್ಬಂದಿ ಒರೆಸದೆ ಬಿಡುತ್ತಿರಲಿಲ್ಲ.